ಮೂವತ್ತೊಂದನೆಯ ಸರಪಳಿ

ಎರ್ಲೆನ್‌ರೋಡೆ, ಹಾರ್ಟ್ಸ್ ಬೆಟ್ಟ
ಗುರುವಾರ

ಶ್ರೀ ಲ್ಯಾಮರ್ಸ್ ಅವರಿಗೆ,

ನಮ್ಮೂರಿನ ಹಳೆಯ ಸತುವಿನ ಗಣಿಯನ್ನು ಮತ್ತೆ ತೆರೆಯಲು ನಿಮ್ಮ ಕಂಪನಿ ನೆಲ ಕೊರೆಯುತ್ತಿದೆ. ಅದಕ್ಕೆ ನನ್ನ ತಕರಾರಿಲ್ಲ. ಕೆಳಗೆ ಇನ್ನೂ ಒಳ್ಳೆಯ ಅದಿರಿದೆ ಎಂದು ನನ್ನ ಗಂಡ ಎಕ್‌ಹಾರ್ಟ್ ಕೂಡ ಹೇಳುತ್ತಿದ್ದರು.

ಆದರೆ ಕಲ್ಲಿನ ಮಾದರಿಗಳನ್ನು ಇಡಲು ಜಾಗ ಬೇಕೆಂದು, ಕಾರ್ಮಿಕರು ಬಟ್ಟೆ ಬದಲಿಸುತ್ತಿದ್ದ ಹಜಾರದ ಸರಪಳಿಗಳನ್ನೆಲ್ಲ ನೀವು ಕತ್ತರಿಸಿದಿರಿ. ಪಾಳಿಗೆ ಇಳಿಯುವವನು ಮನೆಯ ಬಟ್ಟೆಯನ್ನು ಕೊಕ್ಕೆಗೆ ಹಾಕಿ, ಸರಪಳಿ ಎಳೆದು ಸೂರಿಗೇರಿಸಿ ಬೀಗ ಹಾಕುತ್ತಿದ್ದ. ಮೇಲೆ ಬಂದವನೇ ಅದನ್ನು ಇಳಿಸಬೇಕು. ಬಾರದವನ ಬಟ್ಟೆಯನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ೧೯೮೬ರಲ್ಲಿ ಗಣಿಯೊಳಗಿನ ಹದಿನಾಲ್ಕನೆಯ ಮಟ್ಟ ಕುಸಿದಾಗ ಎಕ್‌ಹಾರ್ಟ್ ಒಳಗೇ ಉಳಿದರು. ಅವರ ಕಂದು ಕೋಟು ಅಂದಿನಿಂದ ಮೂವತ್ತೊಂದನೆಯ ಸರಪಳಿಯಲ್ಲಿ ಮೇಲೇ ಇತ್ತು. ಗಣಿ ಮುಚ್ಚಿದ ದಿನವೂ ಅದನ್ನು ಯಾರೂ ಇಳಿಸಲಿಲ್ಲ.

ಮಂಗಳವಾರ ಅದು ನನಗೆ ಕಸದ ತೊಟ್ಟಿಯಲ್ಲಿ ಸಿಕ್ಕಿತು.

“ಅಯ್ಯೋ ಅಜ್ಜಿ, ಇಲಿ ಕಡಿದಿರೋ ಕೋಟು ಅದು! ಬೇಕಿದ್ರೆ ಹೊಸದು ಕೊಡಿಸ್ತೀವಿ ಬಿಡಿ,” ಎಂದು ನಿಮ್ಮ ಮೇಸ್ತ್ರಿ ನಕ್ಕ.

“ನಿಂದೂ ಬಿಚ್ಚಿ ತೊಟ್ಟಿಗೆ ಹಾಕಪ್ಪ, ಆಮೇಲೆ ನಗು,” ಎಂದೆ.

ಸೋಮವಾರ ಬೆಳಿಗ್ಗೆ ಆರಕ್ಕೆ, ಮೊದಲ ಪಾಳಿಯ ಹೊತ್ತಿಗೆ, ಕೋಟು ತರುತ್ತೇನೆ. ಅಷ್ಟರಲ್ಲಿ ಮೂವತ್ತೊಂದನೆಯ ಸರಪಳಿಯನ್ನು ಇದ್ದ ಜಾಗದಲ್ಲೇ ಕಟ್ಟಿಸಿರಿ. ಬೀಗ ನನ್ನದೇ ಇರುತ್ತದೆ.

ನಿಮ್ಮ ಕೊರೆತ ಹದಿನಾಲ್ಕನೆಯ ಮಟ್ಟ ಮುಟ್ಟಿದ ದಿನ ಕೆಲಸ ನಿಲ್ಲಿಸಿ ನನಗೆ ಹೇಳಿ ಕಳುಹಿಸಿ. ಅವರನ್ನು ಮೇಲೆ ತಂದ ಮೇಲೆ ಕೋಟನ್ನು ನಾನೇ ಇಳಿಸುತ್ತೇನೆ. ಅಲ್ಲಿಯವರೆಗೆ ನಿಮ್ಮ ಕಲ್ಲುಗಳು ಅದರ ಕೆಳಗೆ ಇರಲಿ.

ಗೆರ್ಲಿಂಡ್ ಬೋಡೆನ್‌ಸ್ಟೈನ್
ಎಕ್‌ಹಾರ್ಟ್ ಅವರ ಹೆಂಡತಿ