ಮುಖವಿಲ್ಲದ ಕರಿಯ ಮನುಷ್ಯ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಕ್ಕ,

ಮೊದಲು ಉಸಿರು ಬಿಡು. ನಮ್ಮ ಪುಟ್ಟಿಗೆ ಯಾರೂ ಏನೂ ಮಾಡಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಅಳಲು ಶುರುಮಾಡುತ್ತೀಯ ಅಂತ ಬರೆಯುತ್ತಿದ್ದೇನೆ.

ಶಾಲೆಯ ಆಪ್ತಸಲಹೆಗಾರ್ತಿ ತೋರಿಸಿದ ಆ ಚಿತ್ರಗಳನ್ನು ನೋಡಿ ನಾನೂ ಕೆಟ್ಟದ್ದನ್ನೇ ಊಹಿಸಿದ್ದೆ. ಮುಖವಿಲ್ಲದ ಕರಿಯ ಮನುಷ್ಯ, ಪಕ್ಕದಲ್ಲಿ ಜೈಲಿನಂಥ ಸರಳು, ಮೇಲೆಲ್ಲ ಹಳದಿ ಗೀಟು. ಕೇಳಿದರೆ ಪುಟ್ಟಿ, ನೋಡಬಾರದು, ಅಮ್ಮನಿಗೆ ಹೇಳಬಾರದು ಅಂತ ಅಪ್ಪ ಹೇಳಿದ್ದಾರೆ ಅಂದಳಂತೆ. ಆ ಮಾತು ಕೇಳಿ ನೀನು ಕಾರಣವನ್ನೂ ಹೇಳದೆ ಭಾವನನ್ನು ಅವರಣ್ಣನ ಮನೆಗೆ ಕಳಿಸಿದ್ದು ತಪ್ಪಲ್ಲ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ನೀನು ಪುಟ್ಟಿಯ ಜೊತೆ ಇಲ್ಲಿಗೆ ಕಳಿಸಿದ ಚಿತ್ರಗಳನ್ನೆಲ್ಲ ಆಫೀಸಿಗೆ ಒಯ್ದು ಸ್ಕ್ಯಾನ್ ಮಾಡಿದೆ. ಬಂಡೆಗಳ ಮೇಲಿನ ಹಳೆಯ ಚಿತ್ರಗಳನ್ನು ಓದಲು ನಾವು ಬಳಸುವ ಕಂಪ್ಯೂಟರ್ ಪ್ರೋಗ್ರಾಂಗೇ ಕೊಟ್ಟೆ. ಅದಕ್ಕೆ ನಮ್ಮ ಹಾಗೆ ಹೆದರಿಕೆ ಇಲ್ಲ. ಯಾವ ಗುರುತು ಯಾವುದರ ಜೊತೆ ಬರುತ್ತದೆ ಅಂತಷ್ಟೇ ನೋಡುತ್ತದೆ. ಹಳದಿ ಗೀಟುಗಳನ್ನು ಹುಲ್ಲು ಅಂದಿತು, ನಗಬೇಡ. ಆದರೆ ಒಂದು ವಿಷಯ ಹಿಡಿದುಕೊಟ್ಟಿತು. ಗೀಟು ಇಲ್ಲದ ಚಿತ್ರಗಳಲ್ಲಿ ಸರಳುಗಳು ಬಿಡಿಬಿಡಿಯಾಗಿವೆ, ಗೀಟು ಬಂದಲ್ಲೆಲ್ಲ ಕೂಡಿಕೊಂಡಿವೆ. ಅಂದರೆ ಆ ಕರಿಯ ಮನುಷ್ಯ ಯಾರನ್ನೂ ಹೊಡೆಯುತ್ತಿಲ್ಲ. ಏನನ್ನೋ ಜೋಡಿಸುತ್ತಿದ್ದಾನೆ!

ನನ್ನ ದಡ್ಡ ತಲೆಗೆ ಆಗ ಹೊಳೆಯಿತು: ವೆಲ್ಡಿಂಗ್. ಪುಟ್ಟಿಯನ್ನು ಕೂರಿಸಿಕೊಂಡು, ಇವನ ಮುಖ ಎಲ್ಲಿ ಹೋಯಿತೇ ಅಂತ ಕೇಳಿದೆ. ಆ ಕರಿ ಮುಖವಾಡ ಎತ್ತಿದ್ರೆ ಒಳಗೆ ಅಪ್ಪ ಇರ್ತಾರೆ, ಅಷ್ಟೂ ಗೊತ್ತಿಲ್ವಾ ಚಿಕ್ಕಮ್ಮ ಅಂತ ನನಗೇ ಬೈದಳು.

ಕಣ್ಣು ಹಾಳಾಗುತ್ತದೆ, ಮಗುವನ್ನು ನಿಮ್ಮ ವೆಲ್ಡಿಂಗ್ ಶೆಡ್ಡಿಗೆ ಕರೆದೊಯ್ಯಬೇಡಿ ಅಂತ ನೀನು ಭಾವನಿಗೆ ಕಟ್ಟಪ್ಪಣೆ ಮಾಡಿದ್ದೆಯಲ್ಲ? ಅಪ್ಪ, ಮಗಳು ಕದ್ದು ಹೋಗುತ್ತಿದ್ದರಂತೆ. ಕಿಡಿ ನೋಡಬಾರದು, ಬಂದದ್ದು ಅಮ್ಮನಿಗೆ ಹೇಳಬಾರದು. ಗುಟ್ಟು ಇಷ್ಟೇ.

ನಿನ್ನೆ ನಾನೇ ಶೆಡ್ಡಿಗೆ ಹೋಗಿ ಬಂದೆ. ನಾವು ಜೈಲಿನ ಸರಳು ಅಂದುಕೊಂಡ ಗೇಟು ಅಲ್ಲೇ ಒರಗಿಕೊಂಡಿದೆ. ಪುಟ್ಟಿ ಕೂರುವ ಸ್ಟೂಲನ್ನು ಭಾವ ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದಾರೆ. ಕಳ್ಳಿ ತಿರುಗಿ ನೋಡಿರುವುದಂತೂ ನಿಜ, ಇಲ್ಲದಿದ್ದರೆ ಆ ಹಳದಿ ಗೀಟು ಎಲ್ಲಿಂದ ಬರಬೇಕು? ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸೋಣ.

ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ ಅಕ್ಕ. ರಾತ್ರಿ ಹೊಟ್ಟೆ ತುಂಬ ಊಟ ಮಾಡಿದೆ.

ನಿನ್ನ,
ತಂಗಿ

ತಾ.ಕ.: ಇದನ್ನು ಲಕೋಟೆಗೆ ಹಾಕಿ, ಅಂಟಿಸಿ, ಭಾವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನಾವು ಏನು ಅನುಮಾನಪಟ್ಟೆವೆಂದು ಅವರಿಗೆ ಗೊತ್ತಿಲ್ಲ, ನಾನು ಬಾಯಿಬಿಟ್ಟಿಲ್ಲ. ಪುಟ್ಟಿಯನ್ನು ಶೆಡ್ಡಿಗೆ ಕರೆದೊಯ್ದದ್ದಕ್ಕೇ ನಿನಗೆ ಅಷ್ಟು ಸಿಟ್ಟು ಬಂದಿತು ಅಂದುಕೊಂಡು, ಕ್ಷಮೆ ಕೇಳಲು ನಿನ್ನಲ್ಲಿಗೆ ಬರುತ್ತಿದ್ದಾರೆ. ನೀನು ಇದನ್ನು ಓದುವಾಗ ಇನ್ನೂ ಬಾಗಿಲಲ್ಲೇ ನಿಂತಿರುತ್ತಾರೆ. ಹೇಳುವುದೋ ಬಿಡುವುದೋ ಆಮೇಲೆ ನೋಡಿಕೋ. ಮೊದಲು ಒಳಗೆ ಕರೆ.