ಫ್ಲಂಕಿ ಅಂದ ಬಾಯಿ

೩೦ ಡಿಸೆಂಬರ್ ೧೯೧೧, ಶನಿವಾರ

ನನ್ನ ಗಂಡನ ಬಾಯಿಗೆ ಬೀಗ ಹಾಕಬೇಕು. ಮೊಮ್ಮಗಳು ಎಲ್ಸ್‌ಪೆತ್‌ಳನ್ನು ಮದುವೆಯಾಗುವ ಹುಡುಗ ಡೂಗಲ್, ದೊರೆಯ ಬಂಗಲೆಯಲ್ಲಿ ಊಟ ಬಡಿಸುವವನು. ಚಹಾಕ್ಕೆ ಬಂದವನಿಗೆ ಇವರು, "ಏನಪ್ಪಾ ಫ್ಲಂಕಿ, ದೊರೆ ಬೂಟು ನೆಕ್ಕಿ ಆಯ್ತಾ?" ಅಂದುಬಿಟ್ಟರು. ದೊಡ್ಡವರ ಕಾಲು ಹಿಡಿಯುವ ಆಳಿಗೆ ಅನ್ನುವ ಬೈಗುಳ ಅದು. ಹುಡುಗ ಚಹಾ ಅರ್ಧಕ್ಕೇ ಬಿಟ್ಟು ಹೋದ.

ಹೊಸವರ್ಷ ಹುಟ್ಟಿದ ಕೂಡಲೇ, ಒಳ್ಳೆಯ ಶಕುನಕ್ಕೆಂದು ಕಲ್ಲಿದ್ದಲು ಹಿಡಿದು ನಮ್ಮ ಹೊಸ್ತಿಲು ಮೊದಲು ತುಳಿಯಬೇಕಾದ ಕರಿಗೂದಲಿನವನು ಅವನೊಬ್ಬನೇ. ಓಣಿಯಲ್ಲಿ ಉಳಿದವರೆಲ್ಲ ಕೆಂಚುತಲೆಯವರು. ಅವರು ಮೊದಲು ಕಾಲಿಟ್ಟರೆ ವರ್ಷವೆಲ್ಲ ಹಾಳು. ಎಲ್ಸ್‌ಪೆತ್ ಇನ್ನೂ ಅಳುತ್ತಿದ್ದಾಳೆ.

"ನೀವು ದೊರೆಯ ಖಾಲಿ ಗಾಡಿಗೂ ಟೋಪಿ ತೆಗೀತೀರಲ್ರೀ. ಅವ್ನಿಗಾದ್ರೂ ಸಂಬಳ ಕೊಡ್ತಾರೆ," ಅಂದೆ. ನಾಳೆ ಬೆಳಿಗ್ಗೆ ಬಂಗಲೆಗೆ ಹೋಗಿ ಹುಡುಗನಿಗೆ ತಪ್ಪಾಯಿತು ಅನ್ನಿ ಅಂದರೆ, "ಮುಂಬಾಗ್ಲಿಗೆ ಹೋದ್ರೆ ದೊರೆ ಬೇಜಾರು ಮಾಡ್ಕೋತಾರೇನೇ?" ಅಂತ ಕೇಳುತ್ತಾರೆ.

ಡೂಗಲ್ ಫ್ಲಂಕಿಯಾದರೆ ಇವರನ್ನು ಏನೆಂದು ಕರೆಯಲಿ? ನಿದ್ದೆಗೆ ಕಣ್ಣು ಎಳೆಯುತ್ತಿದೆ. ನಾಳೆ ನಾನೇ ಇವರ ಕೈಹಿಡಿದು ಕರೆದೊಯ್ಯಬೇಕು, ಇಲ್ಲದಿದ್ದರೆ…