ಅವ್ವನ ಊಟದ ಹೊತ್ತು

ಲೀಡ್ಸ್,
೧೭ ಜೂನ್ ೧೯೩೮

ತಿಳವಳ್ಳಿಗೆ ಸೊಸೆಯಾಗಿ ಹೋಗಿ ಅತ್ತೆಯನ್ನೇ ಸೊಸೆ ಮಾಡಿಕೊಂಡು ಕುಳಿತಿರುವ ನನ್ನ ಫಕ್ಕೀರಕ್ಕನಿಗೆ, ತಮ್ಮ ಉಳವಪ್ಪನ ಶರಣು.

ಈ ಪತ್ರವನ್ನು ನೀನೊಬ್ಬಳೇ ಓದು. ಮಾವನವರು ಪಡಸಾಲೆಯಲ್ಲಿ ಗಟ್ಟಿಯಾಗಿ ಓದು ಎಂದರೆ, ಬಟ್ಟೆಗೆ ಬಣ್ಣ ಹಾಕುವ ವಿದ್ಯೆ ನನ್ನ ತಲೆಗೆ ಹತ್ತುತ್ತಿದೆ, ಚಳಿ ಕಡಿಮೆಯಾಗಿದೆ ಎಂದಷ್ಟೇ ಓದಿ ಮಡಚಿಡು. ಊರಿಂದ ಬಂದಮೇಲೆ ನನಗೆ ಇಂಥ ತಳಮಳ ಎಂದೂ ಆಗಿರಲಿಲ್ಲ. ಕುಂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ಒಂದು ಸಾಲು ಬರೆದು ಕಿಟಕಿಗೆ ಹೋಗುತ್ತೇನೆ, ಮತ್ತೆ ಬಂದು ಇನ್ನೊಂದು ಸಾಲು ಬರೆಯುತ್ತೇನೆ.

ನಿನ್ನಿಂದ ಒಂದು ಕೆಲಸವಾಗಬೇಕು. ಹಂಸಭಾವಿಗೆ ಹೋಗಿ ಅವ್ವನಿಗೆ ಬೆಳಿಗ್ಗೆಯೇ ಉಣ್ಣುವುದನ್ನು ರೂಢಿ ಮಾಡಿಸು. ಇಲ್ಲಿ ಬೆಳಗಾಗುವಾಗ ನಮ್ಮಲ್ಲಿ ಮಧ್ಯಾಹ್ನವಾಗಿರುತ್ತದೆ ಎಂದು ಸಾಲಿ ಮಾಸ್ತರರು ಆಕೆಗೆ ಯಾಕಾದರೂ ಹೇಳಿದರೋ! ಅಂದಿನಿಂದ ಆಕೆ ತನ್ನ ಪೂಜೆ ಮುಗಿಸಿಯೂ ತಾಟಿನ ಮುಂದೆ ಕೂಡುವುದಿಲ್ಲ. ಹೊತ್ತು ಇಳಿದ ಮೇಲೆ, 'ಈಗ ನನ್ನ ಮಗ ಲಿಂಗಪೂಜಿ ಮಾಡಿ ಉಂಡಿರ್ತಾನ, ಇನ್ನ ನಾ ಉಣ್ತೇನಿ' ಎಂದು ರೊಟ್ಟಿ ಮುರಿಯುತ್ತಾಳೆಂದು ನೀನೇ ಬರೆದಿದ್ದೆ. ಅದನ್ನು ಓದಿ ಆಗ ನಕ್ಕಿದ್ದೆ. ಅಕ್ಕಾ, ಈಗ ನನ್ನ ಕೊರಳಲ್ಲಿ ಲಿಂಗವಿಲ್ಲ.

ಹೆದರಬೇಡ, ಕ್ರಮವಾಗಿ ಹೇಳುತ್ತೇನೆ. ಶನಿವಾರ, ಭಾನುವಾರ ರಜೆಯೆಂದು ನಾವು ನಾಲ್ವರು ಶುಕ್ರವಾರ ಸಂಜೆಯೇ ಗುಡ್ಡಕ್ಕೆ ಹೋದೆವು. ಸವಣೂರಿನ ಹಜರತಅಲಿ ನಿನಗೆ ಗೊತ್ತು, ನನ್ನ ಜೊತೆಗೇ ಹಡಗು ಹತ್ತಿದವನು. ಇನ್ನಿಬ್ಬರು ನನ್ನ ತರಗತಿಯ ಟಾಮ್ ಮತ್ತು ಜಾರ್ಜ್, ಈ ಕಡೆಯ ಹುಡುಗರು. ಬೆನ್ನಿಗೆ ಚೀಲ, ಚೀಲದ ಮೇಲೆ ಡೇರೆಯ ಬಟ್ಟೆ. ನಾವಾದರೆ ಗುಡ್ಡ ಹತ್ತುವುದು ದೇವರಿಗೆ, ಇಲ್ಲವೇ ಕಟ್ಟಿಗೆಗೆ. ಇವರ ಗುಡ್ಡದ ಮೇಲೆ ಎರಡೂ ಇಲ್ಲ. ಹತ್ತಿದರು, ಗಾಳಿ ಕುಡಿದರು, ಇಳಿದರು! ಕುರಿಗಳು ಮಾತ್ರ ಧಾರಾಳವಾಗಿವೆ. ನಮ್ಮೂರ ಕುರಿ ಕಾಯುವ ಮಾಳಪ್ಪ ನೋಡಿದ್ದರೆ ಕಂಬಳಿ ಹಾಸಿ ಅಲ್ಲೇ ಸಂಸಾರ ಹೂಡುತ್ತಿದ್ದ.

ಅಡಿಗೆಯ ಫಜೀತಿ ಕೇಳಬೇಡ. ಅವರಿಬ್ಬರೂ ಹಂದಿಯ ಮಾಂಸ ಹುರಿದುಕೊಳ್ಳುತ್ತಾರೆ. ನನಗೆ ಯಾವ ಮಾಂಸವೂ ಆಗದು, ಹಜರತಅಲಿಗೆ ಆ ಒಂದು ಮಾಂಸ ಆಗದು. ಹೀಗಾಗಿ ನಮ್ಮಿಬ್ಬರದು ಬೇರೆ ಒಲೆ, ಒಂದೇ ಪಾತ್ರೆ, ಬಟಾಟಿ. ಇದನ್ನೂ ಪಡಸಾಲೆಯಲ್ಲಿ ಓದಬೇಡ.

ಶನಿವಾರ ಮಧ್ಯಾಹ್ನ ಬಿಸಿಲು ಬಿತ್ತು. ಎಲ್ಲರೂ ಹಳ್ಳಕ್ಕಿಳಿದು ಸ್ನಾನ ಮಾಡಿದೆವು. ನೀರು ಎಷ್ಟು ತಣ್ಣಗೆಂದರೆ ಹಲ್ಲು ಕಟಕಟ ಅನ್ನುತ್ತಿದ್ದವು. ಮೇಲೆ ಬಂದು ಅಂಗಿ ತೊಟ್ಟು ಎದೆ ಮುಟ್ಟಿಕೊಂಡರೆ ಲಿಂಗದ ಕರಡಿಗೆ ಇಲ್ಲ. ಕೊರಳಿನ ಶಿವದಾರ ಹಳೆಯದಾಗಿತ್ತು, ಹರಿದು ನೀರಲ್ಲಿ ಹೋಗಿರಬೇಕು. ಅಪ್ಪ ಹೋದಮೇಲೆ ಅವ್ವ ತನ್ನ ಕಾಲ್ಗಡಗ ಕರಗಿಸಿ ಮಾಡಿಸಿದ ಬೆಳ್ಳಿಯ ಕರಡಿಗೆ ಅದು.

ಹಜರತಅಲಿಗೆ ಏನೂ ಹೇಳಬೇಕಾಗಲಿಲ್ಲ. ನನ್ನ ಮುಖ ನೋಡಿದವನೇ ಪಾಯಜಾಮ ಮಡಚಿ ಹಳ್ಳಕ್ಕೆ ಇಳಿದ. ಸಂಜೆಯವರೆಗೂ ಕಲ್ಲಿನ ಸಂದಿಗೊಂದಿಯಲ್ಲಿ ಕೈ ಹಾಕಿ ತಡವಿದ. ಕೈ ನೀಲಿಗಟ್ಟಿದವು, ಮೇಲೆ ಬಾರೋ ಎಂದರೂ ಕೇಳಲಿಲ್ಲ. 'ಹಾವೇರಿ ಸ್ಟೇಶನ್ನಾಗ ನಿಮ್ಮವ್ವ ನನ್ನ ಕೈಯಾಗ ಬುತ್ತಿ ಕೊಟ್ಟು, ಇವನ್ನ ನೋಡ್ಕೋಪಾ ಅಂದಾಳ. ಹೋಗಿ ಏನಂತ ಹೇಳ್ಲೋ ಆಕಿಗೆ' ಎಂದು ನನಗೇ ಬೈದ. ಟಾಮ್ ಮತ್ತು ಜಾರ್ಜ್ ಏನು ಕಳೆಯಿತೆಂದು ತಿಳಿಯದೆಯೇ ನೀರಿಗಿಳಿದರು. ಒಳ್ಳೆಯ ಹುಡುಗರು. ಕತ್ತಲಾಯಿತು, ಸಿಗಲಿಲ್ಲ.

ಲಿಂಗ ಕಳೆದುಕೊಂಡವನು ಗುರುವಿನ ಕೈಯಿಂದ ಮತ್ತೆ ಪಡೆಯುವ ತನಕ ಅನ್ನ ಮುಟ್ಟಬಾರದೆಂಬುದು ನಮ್ಮ ಮನೆಯ ಕಟ್ಟು. ಏಳು ಸಮುದ್ರದ ಆಚೆ ನನಗೆ ಗುರು ಎಲ್ಲಿ ಸಿಗಬೇಕು? ಅಂದಿನಿಂದ ಬರೀ ಹಾಲು ಕುಡಿದುಕೊಂಡಿದ್ದೇನೆ. ಮಠಕ್ಕೆ ಹೋಗಿ ಸ್ವಾಮಿಗಳನ್ನು ಗುಟ್ಟಾಗಿ ಕೇಳು, ಹೊಸ ಲಿಂಗವನ್ನು ಇಲ್ಲಿಗೆ ಕಳಿಸಲು ಬರುತ್ತದೋ ಏನು. ಅವ್ವನಿಗೆ ತಿಳಿಯಬಾರದು. ತಿಳಿದರೆ ಆಕೆಯೂ ಅನ್ನ ಬಿಡುತ್ತಾಳೆ. ಆಕೆಯ ಹಟ ನಿನಗೆ ಹೊಸದಲ್ಲ, ಅರ್ಧ ನಿನಗೂ ಬಂದಿದೆ. ವೈದ್ಯರು ಹೇಳಿದ್ದಾರೆ, ತಲೆ ತಿರುಗುತ್ತದೆ, ಏನಾದರೂ ನೆವ ಹೇಳು. ನನಗಾಗಿ ಹೊತ್ತು ಕಾಯುವುದನ್ನು ಬಿಡಿಸು.

ನಿನ್ನ ಮಗಳು ಸಂಗವ್ವನಿಗೂ ಅವಳ ತಮ್ಮನಿಗೂ ಮುದ್ದು. ಭಾವನವರಿಗೆ ಶರಣು.

ನಿನ್ನ ತಮ್ಮ,
ಉಳವಪ್ಪ

ತಾ.ಕ.: ಅಕ್ಕಾ, ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗೂ ಸುಳ್ಳು ಬರೆದರೆ ನನಗೆ ಇನ್ನಾರಿದ್ದಾರೆ? ಶಿವದಾರ ಹರಿಯಲಿಲ್ಲ. ಶನಿವಾರ ಬೆಳಿಗ್ಗೆ ಡೇರೆಯ ಹಿಂದೆ ಪೂಜೆಗೆ ಕುಳಿತಾಗ ಟಾಮ್ ಬಂದು, ಅಂಗೈಯಲ್ಲಿ ಏನಿಟ್ಟುಕೊಂಡು ನೋಡುತ್ತೀ ಎಂದು ಕೇಳಿದ. ನಗಲಿಲ್ಲ, ಬರೀ ಕೇಳಿದ. ಅಷ್ಟಕ್ಕೇ ನಾಚಿಕೊಂಡೆ. ಸ್ನಾನಕ್ಕಿಳಿಯುವ ಮುಂಚೆ ಕರಡಿಗೆಯನ್ನು ನನ್ನ ಕೈಯಾರೆ ತೆಗೆದು, ದಂಡೆಯ ಕಲ್ಲಿನ ಮೇಲೆ ಅಂಗಿಯ ಕೆಳಗೆ ಬಚ್ಚಿಟ್ಟೆ. ಅಂಗಿ ಎಳೆದುಕೊಳ್ಳುವಾಗ ನೀರಿಗೆ ಬಿದ್ದಿರಬೇಕು. ಹಾಲು ಕುಡಿದುಕೊಂಡಿದ್ದೇನೆಂಬುದೂ ಸುಳ್ಳು. ಅದೇ ಸಂಜೆ ಹಸಿವು ತಾಳದೆ ಉಪ್ಪು ಹಚ್ಚಿದ ಬಟಾಟಿ ಹೊಟ್ಟೆತುಂಬ ತಿಂದೆ. ರುಚಿಯಾಗಿತ್ತು, ಅದೇ ನನ್ನನ್ನು ಕೊಲ್ಲುತ್ತಿದೆ. ಭಾನುವಾರ ಹಜರತಅಲಿ ಮತ್ತೆ ಹಳ್ಳಕ್ಕಿಳಿದು, ಕರಡಿಗೆ ಹುಡುಕಿ, ಒಗೆದ ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟ. ಅದು ನನ್ನ ಟ್ರಂಕಿನಲ್ಲಿದೆ. ದಿನಾ ಬೆಳಿಗ್ಗೆ ತೆಗೆದು ನೋಡುತ್ತೇನೆ, ಕಟ್ಟಿಕೊಳ್ಳಲು ಕೈ ಬರುವುದಿಲ್ಲ, ಮುಚ್ಚಿಟ್ಟು ಚಹಾ ಕುಡಿದು ತರಗತಿಗೆ ಹೋಗುತ್ತೇನೆ. ಸ್ವಾಮಿಗಳನ್ನು ಏನೂ ಕೇಳಬೇಡ. ಅವ್ವ ಮಾತ್ರ ಬೆಳಿಗ್ಗೆಯೇ ಉಣ್ಣಲಿ.